ವಾರಿಕ್ ಪದವಿಯೂ ಆನ್ ಬೀಚಮ್ ಎಂಬ ಹೆಣ್ಣುಮಗಳೂ

ಇಂಗ್ಲೆಂಡಿನ ಚರಿತ್ರೆ ಓದಿದವರಿಗೆ ವಾರಿಕ್‌ನ ಅರ್ಲ್ ರಿಚರ್ಡ್ ನೆವಿಲ್ ಗೊತ್ತು. ನಾಲ್ಕನೆಯ ಎಡ್ವರ್ಡನನ್ನು ಪಟ್ಟಕ್ಕೇರಿಸಿದವನೂ ಅವನೇ, ಇಳಿಸಿದವನೂ ಅವನೇ. ಆದರೆ ಆ ಅರ್ಲ್ ಪದವಿ ಅವನ ಅಪ್ಪನ ಮನೆಯದಲ್ಲ. ಅದು ಅವನ ಹೆಂಡತಿ ಆನ್ ಬೀಚಮ್ ತವರಿನಿಂದ ತಂದದ್ದು. ಈ ಪದವಿ ಹಿಡಿದ ಮನೆತನಗಳ ಕಥೆಯನ್ನು ಓದುತ್ತ ಬಂದಂತೆಲ್ಲ ನನ್ನ ಮನಸ್ಸು ನೆವಿಲ್‌ನನ್ನು ಬಿಟ್ಟು ಆಕೆಯ ಕಡೆಗೇ ವಾಲಿದೆ.

ಪದವಿ ಶುರುವಾದದ್ದು 1088ರಲ್ಲಿ, ಬೋಮಾಂಟ್ ಮನೆತನದಲ್ಲಿ. ಅಲ್ಲಿ ಗಂಡು ಸಂತಾನ ನಿಂತಾಗ ಹೆಣ್ಣಿನ ಕಡೆಯಿಂದ ಮಾಡ್ವಿಟ್ ಮನೆಗೆ ಹೋಯಿತು. ಅಲ್ಲಿಂದ 1268ರಲ್ಲಿ, ಮತ್ತೆ ಹೆಣ್ಣಿನ ಕಡೆಯಿಂದಲೇ, ಬೀಚಮ್‌ರಿಗೆ ಬಂತು. ಆನ್‌ಳ ಅಣ್ಣನಲ್ಲಿ ಪದವಿ ಇತ್ತು. ಅವನು ತೀರಿಕೊಂಡ, ಅವನ ಎಳೆಯ ಮಗಳೂ 1449ರಲ್ಲಿ ತೀರಿಕೊಂಡಳು. ಹಾಗೆ ಪದವಿ ಆನ್‌ಗೆ ಬಂದಿತು, ಆಕೆಯಿಂದ ಗಂಡನಿಗೆ.

1471ರಲ್ಲಿ ಬಾರ್ನೆಟ್ ಕಾಳಗದಲ್ಲಿ ನೆವಿಲ್ ಸತ್ತ. ಫ್ರಾನ್ಸಿನಿಂದ ಆಗಷ್ಟೇ ಮರಳಿದ್ದ ಆನ್ ಸುದ್ದಿ ತಿಳಿದು ಬ್ಯೂಲಿ ಮಠದಲ್ಲಿ ಆಶ್ರಯ ಪಡೆದಳು. ಆಸ್ತಿ ಆಕೆಯದು, ಆಕೆ ಇನ್ನೂ ಬದುಕಿದ್ದಾಳೆ. ಆದರೆ ಇಬ್ಬರು ಅಳಿಯಂದಿರ ಕಣ್ಣು ಅದರ ಮೇಲೆ. ಇಬ್ಬರೂ, ಮತ್ತೆ ಪಟ್ಟಕ್ಕೇರಿದ್ದ ನಾಲ್ಕನೆಯ ಎಡ್ವರ್ಡನ ತಮ್ಮಂದಿರು: ಹಿರಿಯಳ ಗಂಡ ಕ್ಲಾರೆನ್ಸ್‌ನ ಜಾರ್ಜ್, ಕಿರಿಯಳ ಗಂಡ ಮುಂದೆ ಮೂರನೆಯ ರಿಚರ್ಡ್ ಆದವನು. ಗುಮಾಸ್ತರಿಲ್ಲದ ಆನ್ ಸ್ವಂತ ಕೈಯಿಂದ ರಾಜನಿಗೆ, ರಾಣಿಗೆ, ರಾಜನ ತಾಯಿಗೆ, ಅರಮನೆಯ ಹೆಂಗಸರಿಗೆ ಪತ್ರ ಬರೆದಳು. ನ್ಯಾಯ ಕೇಳಿದಳು. ಏನಾಯಿತು ಗೊತ್ತೇ? 1474ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು: ಆಸ್ತಿಯ ಮಟ್ಟಿಗೆ ಆನ್ ಸತ್ತಂತೆಯೇ ಲೆಕ್ಕ! ಬದುಕಿರುವ ಅತ್ತೆಗೆ ಅಳಿಯಂದಿರು ಎಳ್ಳುನೀರು ಬಿಟ್ಟು ಪಾಲು ಹಂಚಿಕೊಂಡರು.

ಆಕೆ ಇಬ್ಬರು ಅಳಿಯಂದಿರಿಗಿಂತಲೂ, ಇಬ್ಬರು ಹೆಣ್ಣುಮಕ್ಕಳಿಗಿಂತಲೂ ಹೆಚ್ಚು ಕಾಲ ಬದುಕಿದಳು. 1487ರಲ್ಲಿ ಏಳನೆಯ ಹೆನ್ರಿ ಆಸ್ತಿಯನ್ನು ಆಕೆಗೆ ಮರಳಿಸಿದ. ಅದು ಬಹುಪಾಲು ತನ್ನ ಹೆಸರಿಗೆ ಬರೆಸಿಕೊಳ್ಳಲೆಂದೇ ಮಾಡಿದ್ದು. ಅವಳ ಮೊಮ್ಮಗ ಎಡ್ವರ್ಡ್, ಆಗಿನ ವಾರಿಕ್‌ನ ಅರ್ಲ್, ಹತ್ತನೆಯ ವಯಸ್ಸಿನಿಂದಲೇ ಲಂಡನ್ ಟವರಿನಲ್ಲಿ ಸೆರೆಯಲ್ಲಿದ್ದ. ಸಿಂಹಾಸನಕ್ಕೆ ಹತ್ತಿರದ ರಕ್ತ ಎಂಬುದಷ್ಟೇ ಅವನ ಅಪರಾಧ. ಆನ್ 1492ರಲ್ಲಿ ತೀರಿಕೊಂಡಳು. 1499ರಲ್ಲಿ ಆ ಹುಡುಗನ ತಲೆ ಕಡಿದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1547ರಲ್ಲಿ ಪದವಿ ಜಾನ್ ಡಡ್ಲಿಗೆ ಬಂತು, ಆರೇ ವರ್ಷದಲ್ಲಿ ಅವನ ತಲೆಯೂ ಹೋಯಿತು. ಮಗ ಆ್ಯಂಬ್ರೋಸ್‌ಗೆ ಅದು ಮತ್ತೆ ಸಿಕ್ಕರೂ ಅವನಿಗೆ ಮಕ್ಕಳು ಉಳಿಯಲಿಲ್ಲ. 1618ರಲ್ಲಿ ಪದವಿ ರಿಚ್ ಮನೆತನಕ್ಕೆ ಸಿಕ್ಕಿತು, ಆದರೆ ವಾರಿಕ್ ಕೋಟೆ ಆಗಲೇ ಗ್ರೆವಿಲ್ ಮನೆತನದ ಕೈಯಲ್ಲಿತ್ತು. 1759ರಲ್ಲಿ ರಿಚ್ ವಂಶ ಮುಗಿದ ಮೇಲೆ ಕೋಟೆಯ ಒಡೆಯರಿಗೇ ಪದವಿಯೂ ಸೇರಿತು. 1978ರಲ್ಲಿ ಕೋಟೆ ಮಾರಾಟವಾಯಿತು. ಪದವಿ ಮಾತ್ರ ಗ್ರೆವಿಲ್‌ರಲ್ಲೇ ಇದೆ.

ಇಷ್ಟೆಲ್ಲ ಕೈ ಬದಲಾದರೂ ಚರಿತ್ರೆ ನೆನಪಿಟ್ಟದ್ದು ಗಂಡಸರ ಹೆಸರನ್ನೇ. ಇನ್ನುಮುಂದೆ ನೆವಿಲ್‌ನ ಪ್ರತಾಪ ಓದುವಾಗ, ಅವನು ಆನ್ ಬೀಚಮ್‌ಳ ಗಂಡನಾಗಿದ್ದಕ್ಕೇ ವಾರಿಕ್‌ನ ಅರ್ಲ್ ಆದ ಎಂಬುದನ್ನು ದಯವಿಟ್ಟು ಮರೆಯಬೇಡಿ. ಸತ್ತಳೆಂದು ಕಾಯಿದೆ ಬರೆದವರ ಮಾತನ್ನು ನಾವೂ ನಂಬಬೇಕಿಲ್ಲ.