ರಾಜ್ಯದ ಕಡತ

ಹಿಂದಿನ ಕಾಲದಲ್ಲಿ ನಮ್ಮ ಸೀಮೆಯ ಶ್ಯಾನುಭೋಗರೂ ವರ್ತಕರೂ ತಮ್ಮ ಲೆಕ್ಕಗಳನ್ನು ಕಡತದಲ್ಲಿ ಬರೆದಿಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವದು. ಅದರ ಅನುಕೂಲವೂ ಅಪಾಯವೂ ಒಂದೇ: ಬರೆದುದನ್ನು ಒರಸಿ ಮತ್ತೆ ಬರೆಯಬಹುದು. ಇಂದು ಕಛೇರಿಯ ಕಾಗದದ ಕಟ್ಟಿಗೂ ನಾವು ಕಡತವೆಂಬ ಹೆಸರನ್ನೇ ಇಟ್ಟಿದ್ದೇವೆ. ಹೆಸರಿನ ಜೊತೆಗೆ ಆ ಹಳೆಯ ಗುಣವೂ ಉಳಿದು ಬಂದಿದೆಯೇ? ರಾಷ್ಟ್ರವೊಂದು ಪರರಾಷ್ಟ್ರಗಳೊಡನೆ ನಡೆಸಿದ ವ್ಯವಹಾರದ ಕಡತಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ನಾವು ಈ ಹೊತ್ತು ವಿಚಾರಮಾಡೋಣ.

ರಾಯಭಾರದ ಕೆಲಸ ಬಹುಮಟ್ಟಿಗೆ ಗುಟ್ಟಿನಲ್ಲಿ ನಡೆಯತಕ್ಕದ್ದು. ಸಂಧಿಯ ಮಾತನ್ನು ಸಂತೆಯಲ್ಲಿ ಆಡಲಾಗುವುದಿಲ್ಲ. ಆದರೆ ಆ ಮಾತು ಮುರಿದು ಯುದ್ಧವಾದರೆ ಪ್ರಾಣವನ್ನೂ ತೆರಿಗೆಯನ್ನೂ ತೆರುವವರು ಸಾಮಾನ್ಯ ಪ್ರಜೆಗಳು. ಆದಕಾರಣ, ತಮ್ಮ ಹೆಸರಿನಲ್ಲಿ ಏನು ನಡೆಯಿತೆಂಬುದನ್ನು ತಿಳಿಯುವ ಹಕ್ಕು ಅವರಿಗೆ ಉಂಟು. ಗುಟ್ಟಿನ ಅಗತ್ಯಕ್ಕೂ ಪ್ರಜೆಯ ಹಕ್ಕಿಗೂ ನಡುವೆ ಕಂಡುಕೊಂಡ ಒಂದು ದಾರಿಯೆಂದರೆ, ಕಾಲ ಕಳೆದಮೇಲೆ ಸರ್ಕಾರವೇ ತನ್ನ ಪತ್ರಗಳನ್ನು ಅಚ್ಚು ಮಾಡಿಸುವುದು. ಈ ದಾರಿಯಲ್ಲಿ ಬಹುಕಾಲ ನಡೆದುಬಂದಿರುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಿದೇಶ ಸಂಬಂಧಗಳ ಗ್ರಂಥಮಾಲೆ.

ಅದರ ಮೊದಲ ಸಂಪುಟ ಹೊರಟದ್ದು 1861ರಲ್ಲಿ. ಆ ವರ್ಷ ಏಪ್ರಿಲ್ ತಿಂಗಳಲ್ಲಿ ಅಂತರ್ಯುದ್ಧ ಆರಂಭವಾಗಿತ್ತು. ಯೂರೋಪಿನ ರಾಜ್ಯಗಳು ಎಲ್ಲಿ ದಕ್ಷಿಣದವರಿಗೆ ಮನ್ನಣೆ ಕೊಟ್ಟುಬಿಡುವುವೋ ಎಂಬ ಭಯ ಲಿಂಕನ್ ಸರ್ಕಾರವನ್ನು ಕಾಡುತ್ತಿತ್ತು. ಅಂಥ ಸಮಯದಲ್ಲಿ, ಡಿಸೆಂಬರಿನಲ್ಲಿ, ಲಿಂಕನ್ ಕಾಂಗ್ರೆಸ್ಸಿಗೆ ಕಳುಹಿಸಿದ ವಾರ್ಷಿಕ ಸಂದೇಶದ ಸಂಗಡ ವಿದೇಶಾಂಗ ಕಾರ್ಯದರ್ಶಿ ಸೀವರ್ಡನು ರಾಯಭಾರಿಗಳೊಡನೆ ನಡೆಸಿದ ಪತ್ರವ್ಯವಹಾರವೂ ಹೋಯಿತು. ಅದರಲ್ಲಿದ್ದ ಪತ್ರಗಳು ಕೆಲವು ತಿಂಗಳಷ್ಟೇ ಹಳೆಯವು. ಮನೆಗೆ ಬೆಂಕಿ ಬಿದ್ದಿರುವಾಗ ಮನೆಯ ಲೆಕ್ಕವನ್ನು ಪಂಚರ ಮುಂದೆ ಇಟ್ಟಂತಾಯಿತು.

ಆದರೆ ಪತ್ರಗಳನ್ನು ಅಚ್ಚು ಹಾಕಿದ ಮಾತ್ರಕ್ಕೆ ಸತ್ಯ ಹೊರಬಂದಿತೆಂದು ತಿಳಿಯಬಾರದು. 1914ರಲ್ಲಿ ಮಹಾಯುದ್ಧ ತೊಡಗಿದಾಗ ಒಂದೊಂದು ರಾಜ್ಯವೂ ಒಂದೊಂದು ಬಣ್ಣದ ಪುಸ್ತಕವನ್ನು ಹೊರಡಿಸಿತು: ಜರ್ಮನರದು ಬಿಳಿಯದು, ಇಂಗ್ಲಿಷರದು ನೀಲಿ, ರಷ್ಯನರದು ಕಿತ್ತಿಳೆ, ಫ್ರೆಂಚರದು ಹಳದಿ. ತಪ್ಪೆಲ್ಲ ಎದುರಾಳಿಯದೆಂದು ತೋರಿಸುವುದೇ ಪ್ರತಿಯೊಂದರ ಉದ್ದೇಶ. ಕೆಲವು ತಂತಿಗಳನ್ನು ಬಿಟ್ಟಿದ್ದರು, ಕೆಲವನ್ನು ತಿದ್ದಿದ್ದರು. ಬಣ್ಣದ ಪುಸ್ತಕಗಳೆಂಬ ಹೆಸರು ಎರಡು ಅರ್ಥದಲ್ಲಿಯೂ ಒಪ್ಪುವಂತಿತ್ತು.

ಈ ಅನುಭವವಾದ ಮೇಲೆ, 1925ನೆಯ ಮಾರ್ಚ್ 26ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕೆಲಾಗನು ತನ್ನ ಇಲಾಖೆಯ ಸಂಪಾದಕರಿಗೆ ಒಂದು ನಿಯಮಾವಳಿಯನ್ನು ವಿಧಿಸಿದನು. ಪತ್ರದ ಪಾಠವನ್ನು ತಿದ್ದಕೂಡದು. ಎಲ್ಲಿಯಾದರೂ ಬಿಡಬೇಕಾಗಿ ಬಂದರೆ, ಇಲ್ಲಿ ಬಿಟ್ಟಿದೆ ಎಂಬುದನ್ನು ಗುರುತು ಮಾಡಿ ತೋರಿಸಬೇಕು. ರಾಜನೀತಿಯಲ್ಲಿ ನಡೆದ ತಪ್ಪನ್ನು ಮುಚ್ಚುವುದಕ್ಕಾಗಿ ಏನನ್ನೂ ಬಿಡಕೂಡದು. ನಡೆಯುತ್ತಿರುವ ಸಂಧಾನಕ್ಕೆ ಅಡ್ಡಿಯಾಗುವಂಥದನ್ನು ತಡೆಹಿಡಿಯಬಹುದಾಗಿತ್ತು. ತಡೆಹಿಡಿದಿಲ್ಲವೆಂದು ನಟಿಸುವುದಕ್ಕೆ ಮಾತ್ರ ಅವಕಾಶವಿರಲಿಲ್ಲ.

ನಿಯಮ ಮಾಡುವುದು ಸುಲಭ, ಅದನ್ನು ಪಾಲಿಸುವುದು ಕಷ್ಟ. 1953ನೆಯ ಆಗಸ್ಟ್ ತಿಂಗಳಲ್ಲಿ ಇರಾನಿನ ಪ್ರಧಾನಮಂತ್ರಿ ಮೊಸಾದ್ದೆಕ್ ಅಧಿಕಾರದಿಂದ ಉರುಳಿದನು. ಆಂಗ್ಲರ ಕೈಯಲ್ಲಿದ್ದ ಎಣ್ಣೆಯ ಉದ್ಯಮವನ್ನು ರಾಷ್ಟ್ರದ ಸ್ವತ್ತಾಗಿ ಮಾಡಿದವನು ಅವನೇ. ಅವನನ್ನು ಉರುಳಿಸಿದುದರಲ್ಲಿ ಅಮೆರಿಕದ ಮತ್ತು ಬ್ರಿಟನ್ನಿನ ಗುಪ್ತಚಾರ ಇಲಾಖೆಗಳ ಕೈವಾಡವಿತ್ತೆಂಬುದು ಬಹುಜನಕ್ಕೆ ತಿಳಿದಿತ್ತು. ಆದರೂ 1989ರಲ್ಲಿ ಆ ವರ್ಷಗಳ ಸಂಪುಟ ಹೊರಬಂದಾಗ ಗುಪ್ತಚಾರರ ಕೆಲಸದ ಕಥೆಯೇ ಅದರಲ್ಲಿ ಇರಲಿಲ್ಲ. ನಾಯಕನಿಲ್ಲದ ನಾಟಕದಂತಿದ್ದ ಆ ಸಂಪುಟವನ್ನು ಕಂಡು ವಿದ್ವಾಂಸರು ಸಿಡಿದೆದ್ದರು. ಸಲಹಾ ಸಮಿತಿಯ ಅಧ್ಯಕ್ಷನಾಗಿದ್ದ ಇತಿಹಾಸಕಾರ ವಾರನ್ ಕೋಹೆನ್ 1990ರಲ್ಲಿ ರಾಜೀನಾಮೆ ಕೊಟ್ಟನು. ಆ ಕೋಲಾಹಲದ ಫಲವಾಗಿ 1991ನೆಯ ಅಕ್ಟೋಬರಿನಲ್ಲಿ ಒಂದು ಶಾಸನವೇ ಆಯಿತು: ದಾಖಲೆ ಸಮಗ್ರವೂ ನಿಖರವೂ ವಿಶ್ವಾಸಾರ್ಹವೂ ಆಗಿರಬೇಕು, ಘಟನೆ ನಡೆದ 30 ವರ್ಷಗಳೊಳಗೆ ಪ್ರಕಟವಾಗಬೇಕು, ಇತರ ಇಲಾಖೆಗಳೂ ತಮ್ಮ ಪತ್ರಗಳನ್ನು ಸಂಪಾದಕರಿಗೆ ತೋರಿಸಬೇಕು.

ಇಷ್ಟಾದರೂ ಇರಾನಿನ ಪರಿಷ್ಕೃತ ಸಂಪುಟ ಬೆಳಕು ಕಂಡದ್ದು 2017ರಲ್ಲಿ, ಘಟನೆಯಾದ 64 ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಗುಪ್ತಚಾರ ಇಲಾಖೆಯ ಮೂಲಪತ್ರಗಳಲ್ಲಿ ಎಷ್ಟೋ ನಾಶವಾಗಿದ್ದವು. ಬಳಪದ ಬರಹ ಒರಸಿಹೋಗಿತ್ತು. ಉಳಿದ ಗುರುತನ್ನು ಹುಡುಕಿ ಓದಬೇಕಾಯಿತು.

ಹೀಗಿರುವಾಗ ಇಂಥ ಗ್ರಂಥಗಳಿಂದ ಪ್ರಯೋಜನವೇನೆಂದು ಕೇಳಬಹುದು. ನಮ್ಮ ನೆರೆಯದೇ ಒಂದು ನಿದರ್ಶನ ಅದಕ್ಕೆ ಉತ್ತರ ಹೇಳುತ್ತದೆ. 1971ನೆಯ ಏಪ್ರಿಲ್ 6ರಂದು ಢಾಕಾ ನಗರದಿಂದ ವಾಷಿಂಗ್ಟನ್ನಿಗೆ ಒಂದು ತಂತಿ ಹೋಯಿತು. ಪೂರ್ವ ಬಂಗಾಳದಲ್ಲಿ ಪಾಕಿಸ್ತಾನದ ಸೈನ್ಯ ನಡೆಸುತ್ತಿದ್ದ ಹತ್ಯೆಯ ವಿಷಯದಲ್ಲಿ ತಮ್ಮ ಸರ್ಕಾರ ತಾಳಿದ ಮೌನವನ್ನು ಅಮೆರಿಕದ ಅಧಿಕಾರಿಗಳು 20 ಮಂದಿ ಸಹಿಮಾಡಿ ಖಂಡಿಸಿದ್ದರು. ಅಲ್ಲಿನ ಮುಖ್ಯಾಧಿಕಾರಿ ಆರ್ಚರ್ ಬ್ಲಡ್ ಅದನ್ನು ಬೆಂಬಲಿಸಿ ಕಳುಹಿಸಿದನು. ಅನಂತರ ಅವನನ್ನು ಅಲ್ಲಿಂದ ಹಿಂದಕ್ಕೆ ಕರೆಸಿಕೊಂಡರು. ನೀತಿ ಬದಲಾಗಲಿಲ್ಲ. ಆದರೆ 2005ರಲ್ಲಿ ಆ ವರ್ಷದ ದಕ್ಷಿಣ ಏಷ್ಯದ ಸಂಪುಟ ಪ್ರಕಟವಾದಾಗ, ಸರ್ಕಾರವನ್ನು ಖಂಡಿಸಿದ ಆ ತಂತಿಯನ್ನು ಸರ್ಕಾರವೇ ಅಚ್ಚು ಮಾಡಿತು. ಅಂದು ಸೋತ ಮಾತಿಗೆ ಗೆದ್ದವರ ಮಾತಿನ ಪಕ್ಕದಲ್ಲಿಯೇ ಸ್ಥಳ ದೊರೆಯಿತು.

ಗತಿಸಿದವರಿಗೆ ಇದರಿಂದ ನ್ಯಾಯ ದೊರೆಯಿತೆಂದು ನಾವು ಹೇಳುವುದಿಲ್ಲ. ಆದರೆ ಇಂದು ಕಛೇರಿಯಲ್ಲಿ ಕುಳಿತು ಲೇಖನಿ ಹಿಡಿದವನಿಗೆ, ತಾನು ಬರೆದುದನ್ನು ಮೊಮ್ಮಕ್ಕಳ ಕಾಲದಲ್ಲಿ ಜನ ಓದುವರೆಂಬ ಅರಿವಿದ್ದರೆ ಕೈ ಸ್ವಲ್ಪ ಎಚ್ಚರದಿಂದ ನಡೆದೀತು. ಯಾವ ಸರ್ಕಾರವೇ ಆಗಲಿ, ಪತ್ರಗಳನ್ನು ಪ್ರಕಟಿಸಿದಾಗ ಅಲ್ಲಿ ಏನಿದೆಯೆಂದು ಓದುವುದರ ಜೊತೆಗೆ ಏನಿಲ್ಲವೆಂದು ಕೇಳುವುದನ್ನೂ ನಾವು ಕಲಿಯಬೇಕು. ಕಡತವನ್ನು ಒರಸುವ ಕೈ ಅಂಜುವುದು ಅಂಥ ಓದುಗರಿಗೆ ಮಾತ್ರ.