ಜೀಪಿನ ಎತ್ತರ, ಹಾದಿಯ ಆಳ



ಮಲೆನಾಡಿನ ಒಂಟಿಮನೆಗಳಲ್ಲಿ ಅಡಿಕೆ ಮೂಟೆ ಪೇಟೆಗೆ ಹೋಗುವುದೂ, ಗೊಬ್ಬರ ತೋಟಕ್ಕೆ ಬರುವುದೂ, ನಡುರಾತ್ರಿ ಗರ್ಭಿಣಿ ಆಸ್ಪತ್ರೆ ಸೇರುವುದೂ ಜೀಪಿನಲ್ಲಿಯೇ. ಮಳೆಗಾಲ ಮುಗಿಯುವ ಹೊತ್ತಿಗೆ ಮಣ್ಣುಹಾದಿಯ ಗಾಲಿಜಾಡು ಮೊಣಕಾಲುದ್ದ ಆಳವಾಗಿ, ಜೀಪಿನ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ಆಗ ಮನೆಯ ತರುಣರಿಗೆ ಹೊಳೆಯುವ ಉಪಾಯವೆಂದರೆ ಎತ್ತರದ ಸ್ಪ್ರಿಂಗು ತರಿಸಿ ಅಂಗಳದಲ್ಲಿಯೇ ಜೋಡಿಸುವುದು. ಈ ಉಪಾಯದ ಗುಣದೋಷಗಳನ್ನು ನಿಧಾನವಾಗಿ ತೂಗಿ ನೋಡಬೇಕಾಗಿದೆ.

ಮೊದಲು ಯಂತ್ರದ ಮಾತು. ಹಳೆಯ ಜೀಪುಗಳಲ್ಲಿಯೂ ಜಿಪ್ಸಿಯಲ್ಲಿಯೂ ನಾಲ್ಕು ಗಾಲಿಗಳಿಗೂ ಪಟ್ಟಿ ಸ್ಪ್ರಿಂಗುಗಳೇ ಆಧಾರ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಅಡಕಿ, ಯು ಬೋಲ್ಟುಗಳಿಂದ ಆಕ್ಸಲ್‌ಗೆ ಬಿಗಿದಿರುತ್ತಾರೆ. ಹೆಚ್ಚು ಬಾಗಿದ ಪಟ್ಟಿ ಹಾಕಿದರೆ ಚಾಸಿಯೂ ಅದರ ಮೇಲಿನ ಒಡಲೂ ಏರುತ್ತವೆ. ಆಕ್ಸಲ್ ಮಾತ್ರ ಇದ್ದಲ್ಲಿಯೇ ಇರುತ್ತದೆ. ಜಾಡಿನ ನಡುವಿನ ದಿಬ್ಬಕ್ಕೆ ಮೊದಲು ತಾಗುವುದು ಆಕ್ಸಲ್ ನಡುವಿನ ಡಿಫರೆನ್ಷಿಯಲ್ಲಿನ ಉಬ್ಬು. ಅದನ್ನು ಎತ್ತಬಲ್ಲುದು ಟೈರು ಮಾತ್ರ. ಟೈರಿನ ವ್ಯಾಸ 50 ಮಿ.ಮೀ. ಹೆಚ್ಚಿದರೆ ಉಬ್ಬು 25 ಮಿ.ಮೀ. ಏರುತ್ತದೆ. ಸ್ಪ್ರಿಂಗಿಗೆ ಎಷ್ಟೇ ಹಣ ಸುರಿದರೂ ಆ ಉಬ್ಬು ಒಂದು ಕೂದಲೆಳೆಯಷ್ಟೂ ಮೇಲೇಳದು.

ಒಡಲು ಏರಿದಂತೆ ಗುರುತ್ವಕೇಂದ್ರವೂ ಏರುತ್ತದೆ. ಉದಾಹರಣೆಗೆ, ಅದು ನೆಲದಿಂದ 700 ಮಿ.ಮೀ. ಇದ್ದದ್ದು 740 ಮಿ.ಮೀ. ಆಯಿತೆನ್ನಿ. ಗಾಲಿಗಳ ನಡುವಿನ ಅಗಲ ಬದಲಾಗದಿದ್ದರೆ, ತಿರುವಿನಲ್ಲಿ ವಾಹನವನ್ನು ಮಗುಚಲು ಮೊದಲಿಗಿಂತ ಸುಮಾರು ಶೇ. 5ರಷ್ಟು ಕಡಿಮೆ ಅಡ್ಡಬಲ ಸಾಕಾಗುತ್ತದೆ. ಮೇಲಿಂದ ಹತ್ತು ಜನ ಕೂಲಿಯಾಳುಗಳು ನಿಂತರೆ, ತಾರಸಿಗೆ ಮೂಟೆ ಕಟ್ಟಿದರೆ, ಅಪಾಯ ಇನ್ನಷ್ಟು ಬೆಳೆಯುತ್ತದೆ. ಘಟ್ಟದ ತಿರುವು ಇಂಥ ಲೆಕ್ಕವನ್ನು ಮನ್ನಿಸುವುದಿಲ್ಲ.

ಜೋಡಣೆಯ ಕೆಲಸವೂ ಹೊರಗಿನಿಂದ ಕಂಡಷ್ಟು ಸುಲಭದ್ದಲ್ಲ. ಮಳೆಯಲ್ಲಿ ಮೆತ್ತಗಾದ ಅಂಗಳದಲ್ಲಿ ಜಾಕ್ ವಾಲುತ್ತದೆ. ಜಂಬಿಟ್ಟಿಗೆ ಕಲ್ಲುಗಳನ್ನು ಪೇರಿಸಿ ಚಾಸಿಗೆ ಆನಿಸುವುದು ಅನೇಕ ಕಡೆ ರೂಢಿ. ಆ ಕಲ್ಲು ಮುನ್ಸೂಚನೆಯಿಲ್ಲದೆ ಸೀಳಬಲ್ಲುದು, ಕೆಳಗಿರುವುದು ಮನುಷ್ಯನ ಎದೆ. ಗಟ್ಟಿಯಾದ ಸಮನೆಲ, ಎತ್ತದೆ ಉಳಿದ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಅಡ್ಡೆ, ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡು, ಆಕ್ಸಲ್‌ನ ಕೆಳಗೆ ಬೇರೊಂದು ಜಾಕ್, ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ: ಇಷ್ಟೂ ಇಲ್ಲದೆ ಯಾರೂ ಜೀಪಿನಡಿ ನುಸುಳತಕ್ಕದ್ದಲ್ಲ. ಸುರುಳಿ ಸ್ಪ್ರಿಂಗಿನ ಹೊಸ ವಾಹನಗಳಲ್ಲಿ ಅಪಾಯ ಇನ್ನೊಂದು ಬಗೆಯದು. ಅದುಮಿಟ್ಟ ಸುರುಳಿ ಕೈತಪ್ಪಿ ಚಿಮ್ಮಿದರೆ ಮೂಳೆ ಮುರಿಯುವಷ್ಟು ಶಕ್ತಿ ಅದರಲ್ಲಿ ಅಡಗಿರುತ್ತದೆ.

ಪಟ್ಟಿಯ ಸೆಂಟರ್ ಬೋಲ್ಟು ಆಕ್ಸಲ್ ಮೇಲಿನ ಗುಳಿಯಲ್ಲಿ ಸರಿಯಾಗಿ ಕೂಡಬೇಕು. ಕೂಡದಿದ್ದರೆ ಆಕ್ಸಲ್ ಓರೆಯಾಗಿ ಜೀಪು ಒಂದು ಪಕ್ಕಕ್ಕೆ ಎಳೆಯುತ್ತದೆ. ಒಮ್ಮೆ ಬಿಗಿದು ಹಿಗ್ಗಿದ ಯು ಬೋಲ್ಟನ್ನು ಮರಳಿ ಬಳಸಬಾರದು. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಗಾಲಿ ನೆಲಕ್ಕೂರಿ ವಾಹನದ ಭಾರ ಬಿದ್ದ ನಂತರವೇ ಪೂರ್ತಿ ಬಿಗಿಯಬೇಕು. ಕೆಲವು ದಿನ ಓಡಿದ ಬಳಿಕ ಎಲ್ಲವನ್ನೂ ಮತ್ತೊಮ್ಮೆ ಬಿಗಿದು ನೋಡಬೇಕು. ಒಡಲು ಏರಿದಾಗ ಬ್ರೇಕಿನ ಕೊಳವೆ ಎಳೆದುಕೊಳ್ಳುತ್ತದೆ, ಪ್ರೊಪೆಲರ್ ಶಾಫ್ಟಿನ ಕೋನ ಕಡಿದಾಗಿ ಅದರ ಕೀಲು ಬೇಗ ಸವೆಯುತ್ತದೆ, ಹಳೆಯ ಶಾಕ್ ಅಬ್ಸಾರ್ಬರಿನ ಉದ್ದ ಸಾಲದೆ ಹೋಗುತ್ತದೆ. ಗಾಲಿ ಪೂರ್ತಿ ಕೆಳಗಿಳಿದಾಗ ಬ್ರೇಕಿನ ಕೊಳವೆ ಬಿಗಿಯಾಗಿ ನಿಂತರೆ, ಅದು ಹರಿಯುವುದು ಇಳಿಜಾರಿನಲ್ಲಿಯೇ ಆದೀತು.

ಕಾನೂನನ್ನೂ ಮರೆಯುವಂತಿಲ್ಲ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂ. ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡೂ ಆಗಬಹುದು.

ಹಾಗಾದರೆ ಹೊಟ್ಟೆ ಉಜ್ಜುವ ಜೀಪಿಗೆ ಪರಿಹಾರವಿಲ್ಲವೇ? ಇದೆ. ಇಪ್ಪತ್ತು ಮೂವತ್ತು ವರ್ಷ ಮೂಟೆ ಹೊತ್ತ ಪಟ್ಟಿಗಳು ಬಾಗು ಕಳೆದುಕೊಂಡು ಕುಸಿದಿರುತ್ತವೆ. ತಯಾರಕರು ಹೇಳಿದ ಅಳತೆಯ ಹೊಸ ಪಟ್ಟಿಗಳನ್ನೂ ಬುಷ್‌ಗಳನ್ನೂ ಹಾಕಿಸಿದರೆ ಕಳೆದುಹೋದ ಎತ್ತರ ಮರಳಿ ಬರುತ್ತದೆ. ಇದು ದುರಸ್ತಿ, ಗುರುತ್ವಕೇಂದ್ರವೂ ಹುಟ್ಟಿದ ಜಾಗದಲ್ಲಿಯೇ ನಿಲ್ಲುತ್ತದೆ. ಅನುಭವಿ ಮೆಕ್ಯಾನಿಕನ ಪಕ್ಕದಲ್ಲಿ ನಿಂತು ಈ ಕೆಲಸ ಕಲಿಯುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠವೂ ಹೌದು.

ಎರಡನೆಯ ಪರಿಹಾರ ಮಣ್ಣಿನಲ್ಲಿದೆ. ಗಾಲಿ ಒತ್ತಿದ ಮಣ್ಣಿನ ರಂಧ್ರಗಳು ಮುಚ್ಚಿ ನೀರು ಒಳಗಿಳಿಯದು. ಮೇಲೆ ನಿಂತ ನೀರಿಗೆ ಜಾಡೇ ಕಾಲುವೆಯಾಗುತ್ತದೆ. ಮೇಲ್ಮಣ್ಣನ್ನು ಹೊತ್ತು ಹಳ್ಳಕ್ಕೆ ಓಡುತ್ತದೆ. ಮರುವರ್ಷ ಜಾಡು ಇನ್ನೂ ಆಳ. ಎತ್ತರಿಸಿದ ಜೀಪು ಆ ಆಳದಲ್ಲಿಯೇ ತಿಣುಕಿ ದಾಟಿ ಅದನ್ನು ಮತ್ತಷ್ಟು ಅಗೆಯುತ್ತದೆ. ದಾಟಲಾಗದಿದ್ದರೆ ಪಕ್ಕದ ಹುಲ್ಲಿನ ಮೇಲೆ ಹತ್ತಿ ಹೊಸ ಜಾಡು ಬರೆಯುತ್ತದೆ. ಜೀಪು ಏರಿದಷ್ಟೂ ಹಾದಿ ಇಳಿಯುತ್ತದೆ. ಈ ಓಟದಲ್ಲಿ ಸ್ಪ್ರಿಂಗಿಗೆ ಗೆಲುವಿಲ್ಲ.

ಮಳೆಗೆ ಮುನ್ನ ಕೇರಿಯವರು ಕೂಡಿ ಒಂದು ದಿನ ದುಡಿದರೆ ಸಾಕು. ಹಾದಿಯ ಮೇಲುಬದಿಯ ಚರಂಡಿ ಬಿಡಿಸಿ, ಇಳಿಜಾರಿನಲ್ಲಿ ಅಲ್ಲಲ್ಲಿ ಓರೆಯಾಗಿ ಅಡ್ಡಗಾಲುವೆ ತೋಡಿ, ನೀರನ್ನು ಗಿಡಗಂಟಿಯ ಕಡೆಗೆ ಹೊರಳಿಸಿ, ಜಾಡಿಗೆ ಕಲ್ಲು ತುಂಬಿಸಿದರೆ ಹಾದಿ ಮಳೆಗಾಲವನ್ನು ತಡೆಯುತ್ತದೆ. ಭಾರೀ ಮಳೆಯ ದಿನಗಳಲ್ಲಿ ಅಗತ್ಯವಿಲ್ಲದ ಓಡಾಟ ನಿಲ್ಲಿಸುವುದೂ ಹಾದಿಗೆ ಮಾಡುವ ಉಪಕಾರವೇ. ಸ್ಪ್ರಿಂಗು ಒಂದು ಜೀಪಿನ ಸೊತ್ತು. ಹಾದಿ ನಡೆದು ಶಾಲೆಗೆ ಹೋಗುವ ಮಗುವಿಗೂ, ಹಸುವಿಗೂ, ಕೆಳಗಿನ ಗದ್ದೆಗೂ ಸೇರಿದ್ದು. ಖರ್ಚು ಮಾಡುವ ಮುನ್ನ ಗುದ್ದಲಿ ಹಿಡಿದು ಹಾದಿಯನ್ನೊಮ್ಮೆ ನಡೆದು ನೋಡಿರೆಂಬುದು ಇಲ್ಲಿಯ ವಿನಂತಿ.