ಮಲೆನಾಡಿನ ಜನಾರೋಗ್ಯ ವಿಚಾರ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಕಾಯಕಕ್ಕೆ ಕಾಯವೇ ಆಧಾರವಾದುದರಿಂದ ಅದರ ಸಂರಕ್ಷಣೆಯ ವಿಚಾರವು ಈ ಸಭೆಗೆ ಹೊರತಾದುದಲ್ಲವೆಂದು ಭಾವಿಸಿ, ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಜನಾರೋಗ್ಯವನ್ನು ಕುರಿತು ನಾಲ್ಕು ಮಾತುಗಳನ್ನು ನಿವೇದಿಸುತ್ತೇನೆ. ವೈದ್ಯನಲ್ಲದವನು ಚಿಕಿತ್ಸೆಯನ್ನು ಹೇಳತಕ್ಕದ್ದಲ್ಲ. ಆದರೆ ರೋಗವು ಎಲ್ಲಿ ಹುಟ್ಟುತ್ತದೆ, ಯಾರನ್ನು ಹಿಡಿಯುತ್ತದೆ, ಔಷಧವು ಅವರಿಗೆ ಏಕೆ ತಡವಾಗಿ ದೊರೆಯುತ್ತದೆ ಎಂಬ ವಿಚಾರವು ಗೃಹಸ್ಥರೆಲ್ಲರಿಗೂ ಸೇರಿದ್ದು.

ಈ ಘಟ್ಟದ ಮೇಲಿನ ಸೀಮೆಯು ಒಂದು ಕಾಲದಲ್ಲಿ ಚಳಿಜ್ವರಕ್ಕೆ ಹೆಸರಾಗಿದ್ದಿತು. ಊರುಗಳು ಹಾಳುಬಿದ್ದವು, ಗದ್ದೆಗಳು ಕಾಡಾದವು. ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, 1946ರಿಂದ ಮೊದಲುಗೊಂಡು, ಡಾಕ್ಟರ್ ಡಿ. ಕೆ. ವಿಶ್ವನಾಥನ್‌ ಅವರ ನೇತೃತ್ವದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿ ಸೊಳ್ಳೆಗಳನ್ನು ನಿಗ್ರಹಿಸಲಾಯಿತು. 1953ರಲ್ಲಿ ದೇಶಕ್ಕೆಲ್ಲ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಬಂದುದಕ್ಕೆ ಇಂತಹ ಪ್ರಯತ್ನಗಳೇ ದಾರಿ ತೋರಿದವು. ಇದರಿಂದ ತಿಳಿಯತಕ್ಕ ನೀತಿಯೇನೆಂದರೆ, ರೋಗಿಯು ಆಸ್ಪತ್ರೆಗೆ ಬರಲಿ ಎಂದು ಕಾದು ಕುಳಿತುದರಿಂದಲ್ಲ, ಆರೋಗ್ಯವನ್ನೇ ಮನೆಬಾಗಿಲಿಗೆ ಒಯ್ದುದರಿಂದ ಈ ನಾಡು ಉಳಿಯಿತು.

ಇಂದು ಆ ಕಾರ್ಯವು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸೇರಿದೆ. ಬಯಲುಸೀಮೆಯಲ್ಲಿ 30,000 ಜನರಿಗೂ, ಗುಡ್ಡಗಾಡು ಪ್ರದೇಶದಲ್ಲಿ 20,000 ಜನರಿಗೂ ಒಂದು ಕೇಂದ್ರವಿರಬೇಕೆಂಬುದು ಸರಕಾರದ ನಿಯಮ. ಆದರೆ ತಲೆಗಳನ್ನು ಎಣಿಸಿದ ಮಾತ್ರಕ್ಕೆ ದಾರಿಯು ಕಿರಿದಾಗುವುದಿಲ್ಲ. ಬಯಲುಸೀಮೆಯಲ್ಲಿ ನೂರು ಮನೆಗಳು ಒಂದೇ ಊರಿನಲ್ಲಿ ಕೂಡಿರುವುವು. ನಮ್ಮಲ್ಲಿ ತೋಟಕ್ಕೊಂದು ಮನೆ, ಹಳ್ಳದಾಚೆಗೆ ಇನ್ನೊಂದು ಮನೆ. ಯಲ್ಲಾಪುರದ ಕಾಡಿನೊಳಗಿರುವ ಸಿದ್ದಿಯರ, ಗೌಳಿಗರ ವಸತಿಗಳಿಗೆ ಮಳೆಗಾಲದಲ್ಲಿ ಹೋಗಿಬರುವುದೇ ಒಂದು ತಪಸ್ಸು. 2008ರಲ್ಲಿ ರಾಜ್ಯದಲ್ಲಿ 108ರ ಆಂಬುಲೆನ್ಸ್ ಆರಂಭವಾದುದು ದೊಡ್ಡ ಉಪಕಾರವೇ. ಆದರೆ ಕಾಲುಸಂಕದ ಈಚೆಗೆ ಅದು ನಿಂತುಬಿಟ್ಟರೆ ರೋಗಿಯನ್ನು ಹೊರುವವರು ನೆರೆಯವರೇ. ಕಾಯಿಲೆಯು ಉಲ್ಬಣಿಸಿದರೆ ಶಿರಸಿಯಿಂದ ಸುಮಾರು 100 ಕಿಲೋಮೀಟರು ದೂರದ ಹುಬ್ಬಳ್ಳಿಗೆ ಒಯ್ಯಬೇಕಾಗುವುದುಂಟು. ದೂರ, ಮಳೆ, ಕೂಲಿನಷ್ಟದ ಭಯ ಈ ಮೂರೂ ಕೂಡಿ ಸಣ್ಣ ಜ್ವರವನ್ನು ದೊಡ್ಡದಾಗಿಸುತ್ತವೆ.

ಇದಕ್ಕೆ ಮಂಗನ ಕಾಯಿಲೆಯೇ ನಿದರ್ಶನ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗವು 2024ರಲ್ಲಿ ಸಿದ್ದಾಪುರ ತಾಲ್ಲೂಕಿನ ಬಹುಮಂದಿಯನ್ನು ಪೀಡಿಸಿತು, ಸಾವುಗಳೂ ಸಂಭವಿಸಿದವು. ಹೆಸರು ಮಂಗನದಾದರೂ ಅದನ್ನು ಮನುಷ್ಯನಿಗೆ ತಗಲಿಸುವುದು ಉಣುಗು. ಮಂಗವು ಸತ್ತಲ್ಲಿ ಅದರ ಮೈಯಿಂದ ಉಣುಗುಗಳು ಉದುರಿ ನೆಲದ ಎಲೆಗಳಲ್ಲಿ ಸೇರಿಕೊಳ್ಳುತ್ತವೆ. ಕಾಡಿನಲ್ಲಿ ಮೇಯುವ ದನಗಳ ರಕ್ತವನ್ನು ಕುಡಿದು ಅವು ವೃದ್ಧಿಯಾಗುತ್ತವೆ. ಮರಿ ಉಣುಗುಗಳು ಹೆಚ್ಚುವ ಕಾಲವು ಡಿಸೆಂಬರದಿಂದ ಮೇ ತಿಂಗಳವರೆಗೆ. ಅಡಿಕೆತೋಟದ ಗೊಬ್ಬರಕ್ಕಾಗಿ ಸೊಪ್ಪಿನಬೆಟ್ಟದಲ್ಲಿ ದರಕು ಗುಡಿಸುವ ಕಾಲವೂ ಅದೇ ಅಲ್ಲವೇ? ದರಕು ನಮ್ಮ ತೋಟಕ್ಕೆ, ಉಣುಗಿನ ಕಡಿತವು ಕೂಲಿಯ ತಾಯಿಗೆ. ಇದು ನ್ಯಾಯವೇ ಎಂಬುದನ್ನು ತೋಟದ ಒಡೆಯರು ಆಲೋಚಿಸಬೇಕು.

ಈ ರೋಗಕ್ಕೆ ನಿಶ್ಚಿತವಾದ ಔಷಧವಿಲ್ಲ. ಲಕ್ಷಣಗಳನ್ನು ನೋಡಿ ಉಪಚರಿಸಬೇಕು. ಬಹುಕಾಲ ಹಾಕುತ್ತಿದ್ದ ಲಸಿಕೆಯು ಸಾಕಷ್ಟು ರಕ್ಷಣೆ ನೀಡದೆಂದು ಕಂಡುಬಂದುದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಆದಕಾರಣ ಎಚ್ಚರಿಕೆಯೇ ಈಗ ನಮ್ಮ ಕೈಯಲ್ಲಿರುವ ಮುಖ್ಯ ಸಾಧನ. ಬೆಟ್ಟಕ್ಕೆ ಹೋಗುವಾಗ ಮೈತುಂಬ ಬಟ್ಟೆ ತೊಡುವುದು, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಲೇಪಿಸಿಕೊಳ್ಳುವುದು, ಮರಳಿ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನು ಒಗೆಯುವುದು, ಸತ್ತ ಮಂಗವನ್ನು ಮುಟ್ಟದೆ ಕೂಡಲೇ ಸುದ್ದಿ ತಿಳಿಸುವುದು, ಜ್ವರ, ತಲೆನೋವು, ಮೈಕೈ ನೋವು ಕಂಡ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗುವುದು, ಇವು ಅವಶ್ಯವಾಗಿ ನಡೆಯತಕ್ಕವು. ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವ ರೋಗವಲ್ಲ. ರೋಗಿಯ ಮನೆಯನ್ನು ದೂರವಿಡುವುದು ಅಜ್ಞಾನ.

ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಬಾಗಿಲಲ್ಲೇ ಸಾಗಹಾಕದೆ ಕುಳ್ಳಿರಿಸಿ, ನೀರು ಕೊಟ್ಟು, ಆಕೆಯ ಮಾತನ್ನು ಕೇಳಿರಿ. ವೈದ್ಯರ ಹುದ್ದೆಯು ತೆರವಾಗಿದ್ದರೆ ಊರವರೆಲ್ಲ ಕೂಡಿ ಸರಕಾರಕ್ಕೆ ಬಿನ್ನಹ ಮಾಡಿರಿ. ಬಂದ ವೈದ್ಯರು ಉಳಿಯುವಂತೆ ವಸತಿಗೂ ಅವರ ಮಕ್ಕಳ ವಿದ್ಯೆಗೂ ಅನುಕೂಲವನ್ನು ಕಲ್ಪಿಸಿರಿ. ಜ್ವರ ಬಂದ ಕೂಲಿಯವರಿಗೆ ಆ ದಿನಗಳ ಕೂಲಿಯನ್ನು ತಪ್ಪಿಸದಿರಿ. ಕೂಲಿ ತಪ್ಪುವುದೆಂಬ ಭಯವಿರುವಲ್ಲಿ ಜ್ವರವನ್ನು ಯಾರೂ ಹೇಳಿಕೊಳ್ಳುವುದಿಲ್ಲ. ದಾಸೋಹವೆಂಬುದು ಅನ್ನದ ಪಂಕ್ತಿಯಲ್ಲಿ ಮುಗಿಯತಕ್ಕದ್ದಲ್ಲ. ರೋಗಿಯನ್ನು ಸಕಾಲದಲ್ಲಿ ವೈದ್ಯರ ಬಳಿಗೆ ಮುಟ್ಟಿಸುವುದೂ ದಾಸೋಹವೇ.

ಈ ಬೇಸಗೆಯು ಬರುವುದರೊಳಗಾಗಿ ಪ್ರತಿಯೊಂದು ಊರಿನ ಭಕ್ತರೂ ಈ ಭಾರವನ್ನು ಹೊರಲೆಂದು ಬಿನ್ನವಿಸುತ್ತೇನೆ.